ಸಣ್ಣ ತಂತಿ

ಗಿಟಾರಿನ ಹಳೆಯ ತಂತಿ ಬಿಚ್ಚುತ್ತಿದ್ದಂತೆ ಶಾಲಿನಿಯ ಬೆರಳಿಗೆ ತುಕ್ಕಿನ ವಾಸನೆ ಹತ್ತಿತು. ಚಿಕ್ಕವಳಿದ್ದಾಗ ಬ್ಲಫ್‌ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿ ಉಯ್ಯಾಲೆಯ ಸರಪಳಿ ಹಿಡಿದು ಆಡಿ ಬಂದ ಸಂಜೆ ಅಂಗೈಗೆ ಇದೇ ವಾಸನೆ. ಹೊರಗೆ ಜಗಲಿಯಲ್ಲಿ ಅಪ್ಪ ಮಹದೇವಯ್ಯನ ದೇಹವಿತ್ತು. ಚಟ್ಟ ಕಟ್ಟಿ ಮುಗಿದಿತ್ತು.

ಚಿಕ್ಕಪ್ಪ ಮರಿಯಯ್ಯ ಬಾಗಿಲಿಗೆ ಬಂದ. “ಏನವ್ವ ಸಾಲಿನಿ, ಅಣ್ಣನ್ನ ಅಲ್ಲಿ ಮನಗ್ಸಿ ಗಿಟಾರ್ ರಿಪೇರಿ ಮಾಡ್ತಾ ಕುಂತಿದ್ದೀಯಲ್ಲ! ಒತ್ತು ಮುಳುಗ್ತದೆ, ಎತ್ತಬೇಕು.”

“ಅವ್ವ ಒಂದ್ಸಲ ನುಡಿಸ್ತೀನಿ ಅಂತಾಳೆ. ಈ ದಪ್ಪ ತಂತಿ ಅವಳ ಬೆರಳಿಗೆ ಬಗ್ಗಲ್ಲ ಚಿಕ್ಕಪ್ಪ.”

“ಅಂಗಾರೆ ಎಲ್ಲಾನೂ ಒಟ್ಗೆ ಕಿತ್ತಾಕು, ಬಿರ್ರನೆ ಆಯ್ತದೆ.”

“ಒಂದೊಂದೇ ಬದಲಾಯಿಸ್ಬೇಕು. ಒಟ್ಟಿಗೆ ಬಿಚ್ಚಿದ್ರೆ ಗಿಟಾರ್ ಕತ್ತು ಗಾಬರಿ ಬೀಳ್ತದೆ ಅಂತಿದ್ದ ಅಪ್ಪ.”

ಮರಿಯಯ್ಯ ಗೊಣಗುತ್ತ ಹೋದ. “ಇನ್ನೊಂದ್ ಗಳಿಗೆ ತಡೀರ್ಲಾ” ಎಂದು ಅವನು ಹೊರಗೆ ಹೇಳಿದ್ದು ಕೇಳಿಸಿತು.

*

ಮಹದೇವಯ್ಯ ಲೈನ್‌ಮ್ಯಾನ್ ಆಗಿದ್ದ. ಬುದ್ಧಪೂರ್ಣಿಮೆಗೆ ಊರಿನೆದುರು ನುಡಿಸುತ್ತಿದ್ದ. ನಾದ ಎದೆಗೆ ತಾಗಬೇಕು, ದಪ್ಪ ತಂತಿಯೇ ಬೇಕು ಎನ್ನುವವನು. ಹೆಂಡತಿ ಪಟ್ಟಲಮ್ಮನಿಗೂ ಕಲಿಸಿದ್ದ. ಅವಳ ಬೆರಳ ಗೆಣ್ಣುಗಳು ಊದಿಕೊಂಡ ವರ್ಷ, ಯಾರಿಗೂ ಹೇಳದೆ ತನ್ನ ಗಿಟಾರಿಗೆ ಸಣ್ಣ ತಂತಿ ಹಾಕಿದ.

ಮರಿಯಯ್ಯ ನಕ್ಕಿದ್ದ. “ಸಣ್ಣ ತಂತೀಲಿ ಕರೆಂಟು ಕಮ್ಮಿ ಬತ್ತದೆ ಅಂತ ನಿಂಗೂ ನಾನೇ ಯೋಳ್ಬೇಕೇನಣ್ಣ? ಸೊಳ್ಳೆ ಗುಂಯ್ ಅಂದಂಗದೆ!”

“ಸೊಳ್ಳೆನೇ ಆಗ್ಲಿ ಬುಡ್ಲಾ. ಜೊತೇಲಿ ನುಡ್ಸೋರು ಅವ್ರಲ್ಲ, ಅಷ್ಟು ಸಾಕು.”

ಅವನು ಹಾಸಿಗೆ ಹಿಡಿದ ಮೇಲೆ ಪಟ್ಟಲಮ್ಮ ಮಳವಳ್ಳಿಯಿಂದ ದಪ್ಪ ತಂತಿ ತರಿಸಿ ಹಾಕಿಸಿದಳು. ತನ್ನ ಕೈಲಾಗದಿದ್ದರೇನು, ಮಗಳು ನುಡಿಸಲಿ, ಅವನು ತನಗಿಷ್ಟವಾದ ನಾದ ಕೇಳಲಿ ಎಂದು. ಮಗಳು ನುಡಿಸಿದ್ದನ್ನು ಅವನು ಕಣ್ಮುಚ್ಚಿ ಪೂರ್ತಿ ಕೇಳಿದ.

“ಚೆನ್ನಾಗದೆ. ನಿನ್ ಕೈ ಇಲ್ವಲ್ಲಮ್ಮಿ” ಎಂದ, ಹೆಂಡತಿಯ ಕಡೆ ತಿರುಗಿ.

*

ಸಣ್ಣ ತಂತಿಗಳ ಹೊಸ ಕಟ್ಟೊಂದು ಗಿಟಾರಿನ ಚೀಲದಲ್ಲೇ ಇತ್ತು. ಕೊನೆಯ ತಂತಿ ಬಿಗಿದರೂ ಶ್ರುತಿ ನಿಲ್ಲಲಿಲ್ಲ, ಜಾರಿತು. ಶಾಲಿನಿ ಎಳೆದೆಳೆದು ಮತ್ತೆ ಕೂಡಿಸಿದಳು. ಹೆಗಲು ಕೊಡಲು ಬಂದವರು ಒಬ್ಬೊಬ್ಬರಾಗಿ ಅಂಗಳದಲ್ಲಿ ಕೂತರು.

ಪಟ್ಟಲಮ್ಮ ಗಂಡನ ಪಕ್ಕ ಕುಳಿತು ಗಿಟಾರನ್ನು ಮಡಿಲಿಗೆ ತೆಗೆದುಕೊಂಡಳು.

“ತಡವಾಯ್ತು ಕಣಯ್ಯ.”

ಮೊದಲ ಸಲ ಬೆರಳು ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಅವಳು ಕೊನೆಯವರೆಗೂ ನುಡಿಸಿದಳು. ಆಮೇಲೆ ಎತ್ತಿದರು.

ಮಣ್ಣು ಮಾಡಿ ಬಂದವರು ಮಿಂದು ಕೂರುವ ಹೊತ್ತಿಗೆ ಪಕ್ಕದ ಮನೆಯ ಮುದ್ದಮ್ಮ ಅನ್ನ, ಸಾರು ತಂದಿಟ್ಟಿದ್ದಳು. ಪಟ್ಟಲಮ್ಮ ಗೋಡೆಗೊರಗಿದ್ದಳು; ಬೆರಳುಗಳು ಮಡಿಸಲಾಗದಂತೆ ಸೆಟೆದಿದ್ದವು. ಮರಿಯಯ್ಯ ಒಂದು ತಟ್ಟೆಗೆ ಅನ್ನ ಹಾಕಿ, ಸಾರು ಬಿಟ್ಟು ಮೆತ್ತಗೆ ಕಿವುಚಿದ. ಒಳಗೆ ಹೋಗಿ ಚಮಚ ಹುಡುಕಿ ತಂದ. ತಟ್ಟೆಯನ್ನು ಅತ್ತಿಗೆಯ ಮುಂದಿಟ್ಟು, ಚಮಚದ ಹಿಡಿಯನ್ನು ಅವಳ ಕಡೆಗೆ ತಿರುಗಿಸಿದ.