ಮೇಷ್ಟ್ರು ‘ಬಿಡಿ’ ಅಂದರು

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೂ ಅವರ ಹದಿನಾರರ ಮಗಳಿಗೂ ಮಾತು ನಿಂತು ಒಂದು ವಾರವಾಗಿತ್ತು. ಕಾರು ಓಡಿಸುವ ವಯಸ್ಸನ್ನು ಹದಿನೆಂಟರಿಂದ ಹದಿನಾರಕ್ಕೆ ಇಳಿಸಬೇಕೇ ಎಂದು ಊರಿನವರನ್ನು ಕೇಳಲು ಸರ್ಕಾರದವರು ಸಭೆ ಕರೆದಿದ್ದರು. ಮಾತಾಡಲು ಮೇಷ್ಟ್ರಿಗೂ ಆಹ್ವಾನ ಬಂದಿತ್ತು. “ಖಂಡಿತ ಬೇಡ ಅಂತೀನಿ” ಎಂದು ಅವರು ಊಟದ ಮೇಜಿನಲ್ಲಿ ಘೋಷಿಸಿದ್ದೇ ತಡ, ಮಗಳು ಮುಖ ಊದಿಸಿಕೊಂಡು ಕೋಣೆ ಸೇರಿದ್ದಳು. ಅಂದಿನಿಂದ ಉಪ್ಪು ಬೇಕಾದರೂ ಅಮ್ಮನ ಮೂಲಕವೇ ರಾಯಭಾರ.

ಮೇಷ್ಟ್ರಿಗೆ ಮಗಳ ಮಾತಿಲ್ಲದೆ ಮನೆಯೇ ಬಿಕೋ ಎನ್ನುತ್ತಿತ್ತು. ಆದರೆ ದಿನವಿಡೀ ಜೀವ ಕೈಯಲ್ಲಿ ಹಿಡಿದು ಕಲಿಯುವವರ ಪಕ್ಕ ಕೂರುವ ಮನುಷ್ಯ ಅವರು. ನಲವತ್ತು ದಾಟಿದವರೇ ಕ್ಲಚ್ಚನ್ನು ಬ್ರೇಕ್ ಅಂದುಕೊಳ್ಳುವಾಗ, ಮೊನ್ನೆ ಮೊನ್ನೆ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡ ಹುಡುಗಿಗೆ ಸ್ಟಿಯರಿಂಗ್ ಕೊಡುವುದುಂಟೇ?

ಸಭೆಯಲ್ಲಿ ಮಗಳು ಗೆಳತಿಯರ ದಂಡು ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೇಷ್ಟ್ರು ಮೈಕ್ ಹಿಡಿದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಭೆಯ ಅಧ್ಯಕ್ಷರು ಆಕಳಿಸಿದರು.

“ಮೇಷ್ಟ್ರೇ, ಭಾಷಣ ಎಲ್ಲ ಬೇಡ. ಹದಿನಾರಕ್ಕೆ ಮಕ್ಕಳು ಕಾರು ಬಿಡಬಹುದಾ? ಒಂದೇ ಮಾತಲ್ಲಿ ಹೇಳಿ.”

ಕನ್ನಡಿಯ ಮುಂದೆ ನಿಂತು ಉರು ಹೊಡೆದ ಭಾಷಣ! ಮೇಷ್ಟ್ರಿಗೆ ರೇಗಿಹೋಯಿತು. ಇಂಥವರ ಹತ್ತಿರ ಎಂಥ ಮಾತು ಎಂದು ಕೈ ಕೊಡವಿ, “ಅಯ್ಯೋ, ಬಿಡಿ ಸ್ವಾಮಿ!” ಎಂದುಬಿಟ್ಟರು.

ಮುಂದಿನ ಸಾಲು ಎದ್ದು ಕುಣಿಯಿತು.

“ಕೇಳಿದ್ರಲ್ಲ!” ಎಂದರು ಅಧ್ಯಕ್ಷರು. “ಕಲಿಸೋರೇ ‘ಬಿಡಿ’ ಅಂದ್ಮೇಲೆ ನಮ್ಮದೇನು?”

“ಅಲ್ಲ ಸ್ವಾಮಿ, ಆ ‘ಬಿಡಿ’ ಅಲ್ಲ, ನಾನು ಹೇಳಿದ್ದು ಈ ‘ಬಿಡಿ’...”

ಚಪ್ಪಾಳೆಯಲ್ಲಿ ಎರಡೂ ‘ಬಿಡಿ’ಗಳು ಕೊಚ್ಚಿಹೋದವು. ಮಗಳು ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು.

“ಅಪ್ಪಾ! ನೀನು ಚಿನ್ನ ಕಣಪ್ಪಾ!”

ತಿದ್ದಲು ಬಾಯಿ ತೆರೆದ ಮೇಷ್ಟ್ರು ಹಾಗೇ ಮುಚ್ಚಿಕೊಂಡರು. ಕಾನೂನು ಹಾಳಾಗಿ ಹೋಗಲಿ, ಮಗಳು ಮಾತಾಡಿದಳಲ್ಲ ಎಂದು ಅವರಿಗೆ ಹಿಗ್ಗೋ ಹಿಗ್ಗು.

ಹೊರಗೆ ಬಂದಾಗ ಮಾತ್ರ, ಇವಳು ಈಗಲೇ ಕಾರಿನ ಬೀಗದಕೈ ಕೇಳುತ್ತಾಳೆ ಎಂದು ಮೇಷ್ಟ್ರು ಜೇಬನ್ನು ಒತ್ತಿ ಹಿಡಿದುಕೊಂಡರು. ಅವಳು ಸುಮ್ಮನೆ ಪಕ್ಕದ ಸೀಟಿನಲ್ಲಿ, ಅಂದರೆ ಮೇಷ್ಟ್ರು ಪಾಠ ಹೇಳುವಾಗ ಕೂರುವ ಜಾಗದಲ್ಲಿ, ಕೂತು ಬೆಲ್ಟ್ ಹಾಕಿಕೊಂಡಳು. ಕಲಿಸುವ ಕಾರಾದ್ದರಿಂದ ಅಲ್ಲೂ ಒಂದು ಬ್ರೇಕ್ ಇತ್ತು.

“ಕಾನೂನು ಇನ್ನೂ ಬಂದಿಲ್ವಲ್ಲಪ್ಪ, ನೀನೇ ಓಡಿಸು.”

ಎಂಥ ತಿಳುವಳಿಕೆ! ಮೇಷ್ಟ್ರ ಕಣ್ಣು ತುಂಬಿ ಬಂತು. ತುಂಬಿದ ಕಣ್ಣಲ್ಲೇ ಅವರು ರಿವರ್ಸ್ ಹಾಕಿದರು. ಅಧ್ಯಕ್ಷರ ಹೊಸ ಕಾರಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ಗಾಡಿ ಗಕ್ಕನೆ ನಿಂತಿತು. ಮೇಷ್ಟ್ರ ಕಾಲು ಬ್ರೇಕಿನ ಹತ್ತಿರವೂ ಇರಲಿಲ್ಲ.

ಮಗಳು ತನ್ನ ಕಾಲಡಿಯ ಬ್ರೇಕನ್ನು ಗಟ್ಟಿಯಾಗಿ ಒತ್ತಿಕೊಂಡೇ ಅವರ ಕಡೆ ತಿರುಗಿದಳು.

“ಹದಿನಾರರ ಮಾತು ಆಮೇಲೆ. ಮೊದ್ಲು ನಿನ್ ವಯಸ್ಸಿನವ್ರಿಗೆ ಗಾಡಿ ಕೊಡಬಹುದಾ ಅಂತ ಇನ್ನೊಂದ್ ಸಭೆ ಕರೀಬೇಕು.”