ಇಪ್ಪತ್ನಾಲ್ಕು ಬಂದರೆ ಮನೆ

ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ ಮೊದಲು ಎದುರಾಗುವುದು ಊಟದ ಪ್ರಶ್ನೆ, ಆಮೇಲೆ ನೌಕರಿಯದು. ವೆಂಕಟಗಿರಿ ಮೇಷ್ಟ್ರ ಮನೆಯಲ್ಲಿ ಇವೆರಡೂ ಇಲ್ಲ. ಅವರು ಗೇಟಿನ ಹೊರಗೆ ಬಂದು, ಬಂದವರ ಮುಖ ಬಿಟ್ಟು ಅವರ ಸ್ಕೂಟರಿನ ನಂಬರ್ ಪ್ಲೇಟ್ ನೋಡುತ್ತಿದ್ದರು. ಅದರ ನಾಲ್ಕು ಅಂಕಿಗಳನ್ನು ಒಂದೊಂದೇ ಸಲ ಬಳಸಿ, ಕೂಡಿಯೋ ಕಳೆದೋ ಗುಣಿಸಿಯೋ ಭಾಗಿಸಿಯೋ ಇಪ್ಪತ್ನಾಲ್ಕು ಬರಬೇಕು. ಬಂದರೆ ಮೇಲಿನ ಮನೆ ಅವರದು, ಬಾರದಿದ್ದರೆ ದೊಡ್ಡ ನಮಸ್ಕಾರ.

ಮನೆಯ ನಂಬರು ಇಪ್ಪತ್ನಾಲ್ಕು, ಅದೇ ಇದಕ್ಕೆಲ್ಲ ಮೂಲ. ಹಿಂದೆ ಬಾಡಿಗೆಗಿದ್ದ ಸುಧೀಂದ್ರನ ಗಾಡಿ 1234. ನಾಲ್ಕನ್ನೂ ಗುಣಿಸಿದರೆ ಸರಿಯಾಗಿ ಇಪ್ಪತ್ನಾಲ್ಕು. ಅವನಿದ್ದಷ್ಟು ಕಾಲ ಬೋರ್‌ವೆಲ್ಲಿನಲ್ಲಿ ನೀರಿತ್ತು. ಅವನ ನಂತರ ಬಂದವರ ಗಾಡಿಯಿಂದ ಏನು ಮಾಡಿದರೂ ಇಪ್ಪತ್ನಾಲ್ಕು ಹುಟ್ಟಲಿಲ್ಲ, ಬೋರ್‌ವೆಲ್ಲೂ ಬತ್ತಿತು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಎಂದು ಮೇಷ್ಟ್ರ ಹೆಂಡತಿ ರಾಗಿಣಿ ಹೇಳಿ ನೋಡಿದಳು.

"ನಾನು ಜ್ಯೋತಿಷ್ಯ ನಂಬೋನಲ್ಲ ಕಣೇ, ಲೆಕ್ಕ ನಂಬೋನು" ಎಂದರು ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ರಾಗಿಣಿಗೆ ಬೇಕಿದ್ದದ್ದು ಲೆಕ್ಕವಲ್ಲ, ಜನ. ತಲೆಯ ಮೇಲೆ ಯಾರಾದರೂ ಓಡಾಡಬೇಕು, ಪಾತ್ರೆ ಬಿದ್ದ ಸದ್ದು ಕೇಳಬೇಕು, ಸಾರು ಹೆಚ್ಚಾದರೆ ಒಂದು ಬಟ್ಟಲು ಮೇಲಕ್ಕೆ ಹೋಗಬೇಕು. ಮಧ್ಯಾಹ್ನದ ಹೊತ್ತು ಮಾತಿಗೆ ಯಾರೂ ಇಲ್ಲದೆ ಅವಳು ಕುಕ್ಕರಿನ ಜೊತೆ ಮಾತಾಡಲು ಶುರುಮಾಡಿದ್ದಳು. ಕುಕ್ಕರಾದರೂ ಆಗಾಗ ಉತ್ತರ ಕೊಡುತ್ತಿತ್ತು.

ಮೇಷ್ಟ್ರ ಹುಚ್ಚು ಬಡಾವಣೆಗೆಲ್ಲ ಗೊತ್ತಾಯಿತು. ಬ್ರೋಕರ್ ಮುನಿರಾಜು 4611 ನಂಬರಿನ ಹಳೇ ಸ್ಕೂಟರ್ ಒಂದನ್ನು ಎಲ್ಲಿಂದಲೋ ತಂದು, ಮನೆ ನೋಡುವವರನ್ನೆಲ್ಲ ಅದರಲ್ಲೇ ಕಳಿಸತೊಡಗಿದ. ಒಬ್ಬರನ್ನು ಕಳಿಸಿ ಸುಮ್ಮನಿದ್ದಿದ್ದರೆ ರಾಗಿಣಿಯ ಆಸೆ ಅಂದೇ ಈಡೇರುತ್ತಿತ್ತು. ಆಸೆಬುರುಕ, ಒಂದೇ ಮಧ್ಯಾಹ್ನ ಮೂರು ಸಂಸಾರಗಳನ್ನು ಅದೇ ಗಾಡಿಯಲ್ಲಿ ಕಳಿಸಿ ಸಿಕ್ಕಿಬಿದ್ದ. ಅಂದಿನಿಂದ ಮೇಷ್ಟ್ರು ಗಾಡಿಯ ಆರ್.ಸಿ.ಯನ್ನೂ ಕೇಳತೊಡಗಿದರು.

ಹೀಗಿರುವಾಗ ಕವನಾ ಎಂಬ ಹುಡುಗಿ ಬಂದಳು. ಗೋವಿಂದರಾಜನಗರದ ಸ್ಕೂಲೊಂದರಲ್ಲಿ ಟೀಚರ್, ಜೊತೆಗೆ ಅವಳ ಅಜ್ಜಿ ಅಕ್ಕಯ್ಯಮ್ಮ. ಗಾಡಿ ಅವಳದೇ, ನಂಬರ್ 3388.

ಮೇಷ್ಟ್ರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತರು. ಇತ್ತ ಅಕ್ಕಯ್ಯಮ್ಮ ಯಾರೂ ಕರೆಯದೆ ಅಡುಗೆಮನೆಗೆ ಬಂದು, ನೆಲದ ಮೇಲೆ ಕೂತು, ರಾಗಿಣಿ ನೆನೆಹಾಕಿದ್ದ ಅವರೆಕಾಳನ್ನು ಹಿಚುಕತೊಡಗಿದಳು.

"ಇಷ್ಟು ಕಾಳು ಒಬ್ಳೇ ಹಿಚುಕ್ತೀಯೇನವ್ವಾ? ಬೆರಳು ನೋಯಲ್ವಾ?"

ಬೆರಳಿನ ನೋವನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ರಾಗಿಣಿ ಅವಳ ಎದುರಿಗೇ ಕೂತು ತಾನೂ ಕಾಳಿಗೆ ಕೈಹಾಕಿದಳು. ಪಾತ್ರೆ ತುಂಬುವ ಹೊತ್ತಿಗೆ ಇಬ್ಬರೂ ಅವರವರ ಸೊಸೆ, ನಾದಿನಿಯರನ್ನೆಲ್ಲ ಬೈದು ಮುಗಿಸಿದ್ದರು.

ಹೊರಗೆ ಮೇಷ್ಟ್ರು ಕವನಾಗೆ ತಮ್ಮ ಪದ್ಧತಿ ವಿವರಿಸುತ್ತಿದ್ದರು. "ಸಿಕ್ಕಿದ್ದೆಲ್ಲ ಮಾಡ್ತಾ ಕೂತ್ರೆ ಬೆಳಗಾಗುತ್ತೆ ಕಣಮ್ಮ. ಮೂರು ಕೂಡು ಎಂಟು, ಎಂಟು ಕೂಡು ಮೂರು, ಎರಡೂ ಒಂದೇ. ಒಂದನ್ನ ಬಿಡು. ಕೊನೇಲಿ ಎಂಟರಿಂದ ಗುಣಿಸ್ತೀನಿ ಅನ್ಕೋ, ಹಾಗಾದ್ರೆ ಮಿಕ್ಕ ಮೂರು ಅಂಕಿ ಸೇರಿ ಮೂರು ಬರಬೇಕು. ಬರಲ್ಲ. ಬಿಡು. ಭಿನ್ನರಾಶಿ ಬಂದ ದಾರೀನಂತೂ ಅಲ್ಲೇ ಹೊಡೆದುಹಾಕು, ಟೈಮ್ ವೇಸ್ಟು."

ಹೀಗೆ ಬಿಡುತ್ತ ಬಿಡುತ್ತ ಕೊನೆಗೆ ಕವನಾಳನ್ನೂ ಬಿಟ್ಟರು. "ಸಾರಿ ಕಣಮ್ಮ. ನಿನ್ನ ಗಾಡೀಲಿ ಇಪ್ಪತ್ನಾಲ್ಕು ಇಲ್ಲ."

"ಸಾರ್, ತಿಂಗಳ ಕೊನೇಲಿ ನಾವು ಮನೆ ಖಾಲಿ ಮಾಡ್ಬೇಕು" ಎಂದಳು ಹುಡುಗಿ. ಗೋಡೆಗೆ ಹೇಳಿದಂತಾಯಿತು. ಅಕ್ಕಯ್ಯಮ್ಮ ಕೈ ತೊಳೆದುಕೊಂಡು, ರಾಗಿಣಿಯ ಫೋನ್ ನಂಬರ್ ಬರೆಸಿಕೊಂಡು ಮೊಮ್ಮಗಳ ಹಿಂದೆ ಗಾಡಿ ಹತ್ತಿದಳು.

ಅಂದು ಸಂಜೆ ರಾಗಿಣಿ ಒಂದು ಚಾಪೆ, ಒಂದು ಸ್ಟೌವ್, ಎರಡು ಪಾತ್ರೆ ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. ಖಾಲಿ ಮನೆಯಲ್ಲಿ ಹಾಲು ಉಕ್ಕಿಸಿ ಅಲ್ಲೇ ಬಿಡಾರ ಹೂಡಿದಳು.

"ಏನೇ ಇದು?" ಎಂದು ಮೇಷ್ಟ್ರು ಕೆಳಗಿನಿಂದ ಕೂಗಿದರು.

"ಬಾಡಿಗೆಗೆ ಬಂದಿದೀನಿ. ನನ್ನ ಹತ್ರ ಗಾಡಿ ಇಲ್ಲ, ನಂಬರೂ ಇಲ್ಲ. ಏನು ಮಾಡ್ತೀರೋ ಮಾಡ್ಕೊಳ್ಳಿ."

ಮೇಷ್ಟ್ರು ಕೆಲವು ದಿನ ತಾವೇ ಅನ್ನ ಮಾಡಿಕೊಂಡು, ತಳ ಹಿಡಿದದ್ದನ್ನೇ ಉಂಡರು. ಒಂದು ಬೆಳಿಗ್ಗೆ ತಡೆಯಲಾರದೆ ಮೇಲೆ ಬಂದು, ಆ ಹುಡುಗಿಯ ನಂಬರಿನಲ್ಲಿ ಇಪ್ಪತ್ನಾಲ್ಕು ಇಲ್ಲವೇ ಇಲ್ಲ ಎಂದು ಸಾಧಿಸಲು ಕಾಗದ, ಪೆನ್ನು ಹಿಡಿದು ಕೂತರು.

"ಅಲ್ಲಿ ಯಾಕೆ ಹೊಡೆದು ಹಾಕಿದ್ರಿ?" ಎಂದಳು ರಾಗಿಣಿ.

"ಎಂಟನ್ನ ಮೂರರಿಂದ ಭಾಗಿಸಿದ್ರೆ ಭಿನ್ನರಾಶಿ ಬರುತ್ತೆ. ವೇಸ್ಟು."

"ನಿಮಗೆ ಬೇಡದ್ದೆಲ್ಲ ವೇಸ್ಟು. ಮುಂದಕ್ಕೆ ಮಾಡಿ, ನೋಡೇ ಬಿಡೋಣ."

ಅವಳ ಬಾಯಿ ಮುಚ್ಚಿಸಲೆಂದೇ ಮೇಷ್ಟ್ರು ಮುಂದಕ್ಕೆ ಮಾಡಿದರು. "ಮೂರರಲ್ಲಿ ಅದನ್ನ ಕಳೆದ್ರೆ ಮೂರನೇ ಒಂದು ಭಾಗ ಉಳಿಯುತ್ತೆ. ಇನ್ನೊಂದು ಎಂಟನ್ನ ಅದರಿಂದ ಭಾಗಿಸಿದ್ರೆ... ಅಯ್ಯೋ ರಾಗಿಣಿ! ಇಪ್ಪತ್ನಾಲ್ಕು ಕಣೇ! ಮೊದಲಿಂದಲೂ ಅಲ್ಲೇ ಇತ್ತು! ಫೋನ್ ಮಾಡು ಅವರಿಗೆ, ಇವತ್ತೇ ಬರಲಿ!"

ಕೋತಿಗೆ ಹೆಂಡ ಕುಡಿಸಿದಂತೆ ಅವರು ಖಾಲಿ ಕೋಣೆಯ ತುಂಬ ಕುಣಿದಾಡಿದರು. ರಾಗಿಣಿ ಕೂತಲ್ಲಿಂದ ಅಲುಗಲಿಲ್ಲ.

"ನಿನ್ನೆ ಅಕ್ಕಯ್ಯಮ್ಮನೇ ಫೋನ್ ಮಾಡಿದ್ರು. ಬ್ಯಾಡರಹಳ್ಳೀಲಿ ಮನೆ ಸಿಕ್ಕಿದೆ, ಹಾಲೂ ಉಕ್ಕಿಸಾಯ್ತಂತೆ."

ಮೇಷ್ಟ್ರು ನಿಂತಲ್ಲೇ ನಿಂತರು. "ಸಿಕ್ಕಿಬಿಡ್ತಾ?"

"ಹೂಂ. ಆ ಮನೆ ಪಕ್ಕದ ಪೋರ್ಶನ್ನೂ ಖಾಲಿ ಇದೆಯಂತೆ. ಓನರ್ ಹತ್ರ ನಾನೇ ಮಾತಾಡ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ."

"ಏನಂತೆ?"

"ಎಷ್ಟು ಜನ ಬರ್ತೀರಿ ಅಂತ. ಒಬ್ಳೇ ಅಂದೆ."

ಅವಳಿಗೆ ಹಾಗೆ ಹೇಳಿದ್ದಕ್ಕೆ ನೋವಿತ್ತು, ಹೇಳಿಬಿಟ್ಟೆನಲ್ಲ ಎಂಬ ಸಮಾಧಾನವೂ ಇತ್ತು. ಮೇಷ್ಟ್ರು ಚಾಪೆಯ ಅಂಚಿನಲ್ಲಿ ಕೂತು ಅವಳ ಫೋನನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

"ಇನ್ನೊಂದ್ಸಲ ಮಾಡೇ" ಎಂದರು. "ಇಬ್ಬರು ಅಂತ ಹೇಳು."