ಒಪ್ಪಂದದಲ್ಲಿ ಇಲ್ಲದ ಅತ್ತೆ

“ಹಾಗಾದ್ರೆ ಎಲ್ಲಾ ಇತ್ಯರ್ಥ ಆಯ್ತು ಅಂತ ಬರ್ಕೊಳ್ಳಲಾ?” ಎಂದು ಕೋರ್ಟಿನಲ್ಲಿ ವಿಚ್ಛೇದನದ ಮಧ್ಯಸ್ಥಿಕೆ ನಡೆಸುತ್ತಿದ್ದ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಗಂಡ ತಲೆಯಾಡಿಸಿದ. ಹೆಂಡತಿಯೂ ಆಡಿಸಿದಳು. ಕಿತ್ತಾಡಲು ಅವರ ಬಳಿ ಹೆಚ್ಚೇನೂ ಇರಲಿಲ್ಲ. ಮಕ್ಕಳಿಲ್ಲ. ಬಾಡಿಗೆ ಮನೆ, ತಿಂಗಳ ಕೊನೆಗೆ ಖಾಲಿ ಮಾಡುವುದು. ಬೈಕು ಮತ್ತು ಲಿಫ್ಟ್ ರಿಪೇರಿಯ ಸಾಮಾನು ಅವನಿಗೆ. ಹೊಲಿಗೆ ಅಂಗಡಿ, ಅದರ ಮೆಷಿನ್ನುಗಳು ಅವಳಿಗೆ. ಫ್ರಿಜ್ಜಿನ ವಿಷಯದಲ್ಲಿ ಮಾತ್ರ ಒಂದಿಷ್ಟು ಎಳೆದಾಟವಾಗಿ, ಕೊನೆಗೆ ಅದು ಇಬ್ಬರಿಗೂ ಬೇಡವಾಗಿತ್ತು.

“ನಂದೇನು ಮಾಡಿದ್ರಿ?”

ಮಾತು ಬಂದದ್ದು ಗೋಡೆ ಬದಿಯ ಬೆಂಚಿನಿಂದ. ಅಲ್ಲಿ ಗಂಡನ ತಾಯಿ ಕೂತಿದ್ದಾರೆಂಬುದನ್ನೇ ಎಲ್ಲರೂ ಮರೆತಿದ್ದರು.

“ಅಮ್ಮಾ, ಸುಮ್ನಿರು. ನೀನು ನನ್ ಜೊತೆ ತಾನೇ ಬರೋದು?” ಎಂದ ಮಗ.

“ಬಂದು ಏನ್ ಮಾಡ್ಲಿ? ನೀನು ಬೆಳಿಗ್ಗೆ ಹೋದ್ರೆ ಕತ್ತಲಾದ್ಮೇಲೆ ಬರೋನು. ಗೋಡೆ ಹತ್ರ ಮಾತಾಡ್ಲಾ? ನಾನು ಇವಳ ಜೊತೆ ಇರ್ತೀನಿ.”

ಮೇಡಂ ಕನ್ನಡಕ ತೆಗೆದರು. “ಅಮ್ಮಾ, ಇದು ಗಂಡ ಹೆಂಡ್ತಿ ನಡುವಿನ ಒಪ್ಪಂದ. ಅತ್ತೆ ಸೊಸೆಗೆ ಬಿಡುಗಡೆ ಕೊಡೋಕೆ ಕಾನೂನಿನಲ್ಲಿ ಜಾಗ ಇಲ್ಲ.”

“ಅದನ್ನೇ ನಾನೂ ಹೇಳ್ತಿರೋದು. ನಮ್ಮಿಬ್ಬರಿಗೆ ಯಾರೂ ಬಿಡುಗಡೆ ಕೊಟ್ಟಿಲ್ವಲ್ಲ!”

ವಕೀಲರೊಬ್ಬರು ನಕ್ಕು, ಅದನ್ನು ಕೆಮ್ಮಾಗಿಸಿಕೊಂಡರು. ಸೊಸೆ ನಗಲಿಲ್ಲ. “ಐದು ನಿಮಿಷ ಕೊಡಿ ಮೇಡಂ,” ಎಂದು ಅತ್ತೆಯನ್ನು ಹೊರಗೆ ಕರೆದುಕೊಂಡು ಹೋದಳು.

ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಅತ್ತೆಯ ಕೆಲಸ. ಅಲ್ಲಿ ಇಬ್ಬರಿಗೂ ಯಾವ ತಕರಾರೂ ಇರಲಿಲ್ಲ. ತಕರಾರಿದ್ದದ್ದು ಮನೆಯಲ್ಲಿ. ಗಂಡ ಹೆಂಡಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಅವನ ಮಾತು ಇವಳಿಗೆ, ಇವಳದು ಅವನಿಗೆ ಅತ್ತೆಯೇ ಮುಟ್ಟಿಸಬೇಕಿತ್ತು. ಮುಟ್ಟಿಸುವಾಗ ಅವರು ಒಂದಿಷ್ಟು ಬೆಲ್ಲ ಸವರುತ್ತಿದ್ದರು. ಅವನು ಮುಖ ಸಿಂಡರಿಸಿ “ಊಟ ಬೇಡ” ಎಂದದ್ದು, “ಹೊಟ್ಟೆ ಸರಿಯಿಲ್ವಂತೆ ಪಾಪ” ಎಂದಾಗಿ ಅಡುಗೆಮನೆಗೆ ಬರುತ್ತಿತ್ತು.

ಹೊರಗಿನ ಪಡಸಾಲೆಯಲ್ಲಿ ಕಿಟಕಿಯ ಬಳಿ ಅವಳು ನಿಂತಳು.

“ಅತ್ತೆ, ನಾನೊಂದು ಕೋಣೆ ನೋಡಿದೀನಿ. ಒಬ್ಬಳೇ ಇರ್ಬೇಕು ಅಂತ. ಒಬ್ಬಳೇ ಅಂದ್ರೆ ಒಬ್ಬಳೇ.”

“ನಾನೇನು ನಿನ್ ತಲೆ ಮೇಲೆ ಕೂರ್ತೀನಾ?”

“ಇಷ್ಟು ವರ್ಷ ಕೂತಿದ್ರಲ್ಲ! ನಿಮ್ಮ ಮಗ ಅಂದಿದ್ದನ್ನ ಅಂದ ಹಾಗೇ ಹೇಳಿದ್ರೆ ನಾನು ಯಾವತ್ತೋ ಹೊರಟುಹೋಗ್ತಿದ್ದೆ.”

ಅತ್ತೆ ಯಾವತ್ತೂ ಮಾತಿನಲ್ಲಿ ಯಾರಿಗೂ ಸೋತವರಲ್ಲ.

“ಅದಕ್ಕೇ ಹೇಳ್ಲಿಲ್ಲ,” ಎಂದರು ಈಗ ಮಾತ್ರ ಮೆಲ್ಲಗೆ.

ಸೊಸೆ ಕಿಟಕಿಯಿಂದ ಕೆಳಗಿನ ಅಂಗಳದತ್ತ ನೋಡಿದಳು. ಅಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯಲಾರದೆ ಒದ್ದಾಡುತ್ತಿದ್ದರು.

“ಮನೆಗೆ ಬೇಡ. ಅಂಗಡಿಗೆ ಬನ್ನಿ. ಬೆಳಿಗ್ಗೆ ಬಂದು ಸಂಜೆ ಹೋಗಿ, ಕೂಲಿ ಕೊಡ್ತೀನಿ. ನಿಮ್ಮ ಮಗನ ಸುದ್ದಿ ಅಂಗಡಿಗೆ ಬೇಡ, ನಂದು ಅವರಿಗೂ ಬೇಡ.”

“ಕೂಲಿನಾ? ನಂಗಾ?”

“ಕೊಡದೇ ಹೋದ್ರೆ ನೀವು ಅತ್ತೆನೇ ಆಗಿರ್ತೀರಿ.”

ಮುದುಕಿಯ ಮುಖ ಕೆಂಪಾಯಿತು. ಗಟ್ಟಿಯಾಗಿ ಮೂಗು ಒರೆಸಿಕೊಂಡರು. “ಕಾಜಾಕ್ಕೆ ಬೇರೆ, ಗುಂಡಿಗೆ ಬೇರೆ ಕೊಡ್ಬೇಕು ಮತ್ತೆ,” ಎಂದರು.

ಇಬ್ಬರೂ ಒಳಗೆ ಹೋದರು. ಮೇಡಂ ತೋರಿಸಿದಲ್ಲೆಲ್ಲ ಗಂಡ ಹೆಂಡತಿ ಸಹಿ ಹಾಕಿದರು.

ಕೋರ್ಟಿನ ಆದೇಶ ಬಂದ ಹೊತ್ತಿಗೆ ಶಾಲೆಯ ಸಮವಸ್ತ್ರಗಳ ಕೆಲಸ ಅಂಗಡಿಯ ತುಂಬ ರಾಶಿ ಬಿದ್ದಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಬಂದ ಅತ್ತೆ ತಮ್ಮ ಸ್ಟೂಲನ್ನು ಬೆಳಕಿಗೆ ಎಳೆದುಕೊಂಡರು. “ನಿನ್ನೆ ಅವನು...” ಎಂದು ಶುರುಮಾಡಿ, ತಟ್ಟನೆ ನಾಲಿಗೆ ಕಚ್ಚಿಕೊಂಡು ದಾರ ಪೋಣಿಸತೊಡಗಿದರು. ಸೊಸೆ ತಲೆಯೆತ್ತಲಿಲ್ಲ. ಮೆಷಿನ್ ಒಂದು ಕ್ಷಣ ನಿಂತು ಮತ್ತೆ ಓಡಿತು.

ಸಂಜೆ ರಸ್ತೆಯ ಆಚೆ ಬದಿಯಲ್ಲಿ ಮಗನ ಬೈಕು ಬಂದು ನಿಂತಿತು. ಅವನು ಹಾರ್ನ್ ಹಾಕಲಿಲ್ಲ. ಅತ್ತೆ ಬುತ್ತಿಯ ಚೀಲ ಹಿಡಿದು ರಸ್ತೆಯಂಚಿಗೆ ಹೋದರು. ಒಂದು ಹೆಜ್ಜೆ ಇಟ್ಟರು, ಹಿಂದೆ ಬಂದರು. ವಾಹನಗಳು ಒಂದರ ಬಾಲ ಒಂದು ಹಿಡಿದಂತೆ ಬರುತ್ತಿದ್ದವು.

ಸೊಸೆ ಕತ್ತರಿ ಕೆಳಗಿಟ್ಟು ಎದ್ದಳು. ಅತ್ತೆಯ ಮೊಣಕೈ ಹಿಡಿದು, ಎದುರಿನ ಆಟೋಗೆ ಕೈ ತೋರಿಸಿ ನಿಲ್ಲಿಸಿ, ರಸ್ತೆ ನಡುವಿನ ಡಿವೈಡರ್ ತನಕ ಕರೆತಂದಳು. ಅಷ್ಟರಲ್ಲಿ ಅವನೂ ಆ ಕಡೆಯಿಂದ ಅಲ್ಲಿಗೆ ಬಂದಿದ್ದ. ಅತ್ತೆ ಒಂದು ಕಾಲು ಆಚೆ ಇಟ್ಟರು. ಅವನು ಅವರ ಇನ್ನೊಂದು ಕೈ ಹಿಡಿದುಕೊಂಡ. ಅವನ ಹಿಡಿತ ಗಟ್ಟಿಯಾಯಿತೆಂದು ಖಾತ್ರಿಯಾದ ಮೇಲೆ ಅವಳು ಮೊಣಕೈ ಬಿಟ್ಟಳು.

ತಾಯಿ ಮಗ ದಾಟಿದರು. ಅವಳು ಕೊರಳಲ್ಲಿ ಅಳತೆ ಟೇಪು ಹಾಗೇ ಇಳಿಬಿಟ್ಟುಕೊಂಡು, ತನ್ನ ಬದಿಯ ವಾಹನಗಳು ತೆರವಾಗುವುದನ್ನೇ ಕಾಯುತ್ತ ಡಿವೈಡರ್ ಮೇಲೆ ನಿಂತಿದ್ದಳು.